ಹಣ ಎಣಿಸಿದ ಮೇಲೆ ಹಗ್ಗ: ಅಂತರ್ಜಾಲದಲ್ಲಿ ಮಾರುವವರು ವಹಿಸಬೇಕಾದ ಎಚ್ಚರ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ದನಗಳ ಜಾತ್ರೆಯಲ್ಲಿ ಎತ್ತು ಮಾರುವವರಿಗೆ ವ್ಯಾಪಾರದ ಕ್ರಮವನ್ನು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ಘಾಟಿ ಸುಬ್ರಹ್ಮಣ್ಯದ ಜಾತ್ರೆಯೇ ಇರಲಿ, ಊರ ವಾರದ ಸಂತೆಯೇ ಇರಲಿ, ಕೊಳ್ಳುವವನು ಎತ್ತಿನ ಹಲ್ಲು ನೋಡುತ್ತಿದ್ದ, ಸುಳಿ ನೋಡುತ್ತಿದ್ದ, ನಡೆಸಿ ನೋಡುತ್ತಿದ್ದ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರುತ್ತಿತ್ತು. ಬೆಲೆ ಗುಟ್ಟಾಗಿದ್ದರೂ ಮನುಷ್ಯರು ಗುಟ್ಟಾಗಿರಲಿಲ್ಲ. ಮಾರುವವನು, ಕೊಳ್ಳುವವನು, ದಲ್ಲಾಳಿ ಮೂವರೂ ಒಂದೇ ಕಡೆ ನಿಂತಿರುತ್ತಿದ್ದರು. ಹಣ ಎಣಿಸಿ ಕೈಸೇರಿದ ಮೇಲೆಯೇ ಎತ್ತಿನ ಹಗ್ಗ ಕೈ ಬದಲಾಗುತ್ತಿತ್ತು.

ಇಂದು ಅದೇ ರೈತನ ಮಗ ಹಸುವಿನ ಛಾಯಾಚಿತ್ರ ತೆಗೆದು ಮೊಬೈಲಿನಲ್ಲಿ ಜಾಹೀರಾತು ಹಾಕುತ್ತಾನೆ. ಹಳೆಯ ಬೈಕು, ಟ್ರ್ಯಾಕ್ಟರ್, ಪವರ್ ಟಿಲ್ಲರ್, ಪಂಪ್‌ಸೆಟ್, ಮೊಬೈಲ್ ಫೋನು, ಮನೆಯ ಪೀಠೋಪಕರಣ ಎಲ್ಲವೂ ಹೀಗೆ ಮಾರಾಟಕ್ಕೆ ಬರುತ್ತಿವೆ. ಇದರಲ್ಲಿ ಲಾಭವೂ ಇದೆ. ಊರಿನ ನಾಲ್ಕು ಜನರ ಬದಲು ನಾಲ್ಕು ಜಿಲ್ಲೆಯ ಜನ ವಸ್ತುವನ್ನು ನೋಡುತ್ತಾರೆ. ಬೆಲೆಯೂ ಚೆನ್ನಾಗಿ ಬರಬಹುದು. ಆದರೆ ಸಂತೆಯಲ್ಲಿದ್ದ ಮೂರು ರಕ್ಷಣೆಗಳು ಇಲ್ಲಿ ಇಲ್ಲವಾಗಿವೆ: ಎದುರಿಗೆ ಕಾಣುವ ಮುಖ, ಪಕ್ಕದಲ್ಲಿ ನಿಂತ ಸಾಕ್ಷಿ, ಮತ್ತು ಮೊದಲು ಹಣ ಆಮೇಲೆ ಹಗ್ಗ ಎಂಬ ಕ್ರಮ. ಈ ಮೂರನ್ನೂ ಮಾರುವವರು ತಾವೇ ಮರಳಿ ಕಟ್ಟಿಕೊಳ್ಳಬೇಕಾಗಿದೆ. ಈ ಉಪನ್ಯಾಸದ ಸಾರವೂ ಅದೇ ಆಗಿದೆ.

ಅಂತರ್ಜಾಲ ವಂಚನೆಯ ವಿಷಯ ಬಂದಾಗ ಕೊಳ್ಳುವವರಿಗೆ ಬುದ್ಧಿ ಹೇಳುವುದು ವಾಡಿಕೆ. ಮಾರುವವನಿಗೆ ಏನು ಭಯ, ಅವನು ಹಣ ಪಡೆಯುವವನಲ್ಲವೇ ಎಂಬ ಭಾವನೆ ಜನರಲ್ಲಿದೆ. ವಂಚಕನಿಗೆ ಬೇಕಾದದ್ದೂ ಈ ಭಾವನೆಯೇ. ಹಣ ಬರುತ್ತದೆ ಎಂಬ ನಿರೀಕ್ಷೆಯಲ್ಲಿರುವವರು ಹಣ ಹೋಗುತ್ತಿರುವುದನ್ನು ಗಮನಿಸುವುದಿಲ್ಲ. ಹೀಗೆ ಮೋಸಹೋದವರು ಠಾಣೆಗೆ ಹೋಗುವ ಮೊದಲು ಬಾಗಿಲು ತಟ್ಟುವುದು ಬಹುಮಟ್ಟಿಗೆ ತಮ್ಮ ವಾರ್ಡಿನ ಸದಸ್ಯರ ಮನೆಯನ್ನೇ. ಆ ಹೊತ್ತಿನಲ್ಲಿ ಏನು ಮಾಡಬೇಕೆಂಬುದು ಸದಸ್ಯರಿಗೆ ತಿಳಿದಿದ್ದರೆ ಒಂದು ಕುಟುಂಬದ ವರ್ಷದ ದುಡಿಮೆ ಉಳಿಯಬಹುದು.

ಹಣ ಪಡೆಯಲು ಪಿನ್ ಬೇಕಿಲ್ಲ

ಹೈನುಗಾರಿಕೆ ಮಾಡುವ ಒಬ್ಬ ಮಹಿಳೆ ತಮ್ಮ ಹಸುವನ್ನು 60,000 ರೂಪಾಯಿಗೆ ಮಾರಲು ಜಾಹೀರಾತು ಹಾಕಿದ್ದಾರೆ ಎಂದು ಭಾವಿಸಿಕೊಳ್ಳಿ. ಅರ್ಧ ಗಂಟೆಯಲ್ಲಿ ಕರೆ ಬರುತ್ತದೆ. ಕರೆ ಮಾಡಿದವನು ತಾನು ಸೇನಾಧಿಕಾರಿಯೆಂದೂ, ನಿವೃತ್ತಿಯ ನಂತರ ಡೈರಿ ಮಾಡಲಿರುವುದಾಗಿಯೂ ಹೇಳುತ್ತಾನೆ. ಸಮವಸ್ತ್ರದ ಚಿತ್ರ ಮತ್ತು ಗುರುತಿನ ಚೀಟಿಯ ಪ್ರತಿ ಮೊಬೈಲಿಗೆ ಬರುತ್ತವೆ. ಹಸು ಎಷ್ಟನೆಯ ಸೂಲಿನದು, ಎಷ್ಟು ಹಾಲು ಕರೆಯುತ್ತದೆ ಎಂದು ಅವನು ಕೇಳುವುದಿಲ್ಲ. ಒಂದು ರೂಪಾಯಿಯನ್ನೂ ಚೌಕಾಸಿ ಮಾಡುವುದಿಲ್ಲ. "ಈಗಲೇ ಹಣ ಹಾಕುತ್ತೇನೆ, ನಾಳೆ ಗಾಡಿ ಬರುತ್ತದೆ" ಎನ್ನುತ್ತಾನೆ. ನಂಬಿಕೆ ಹುಟ್ಟಲೆಂದು ಮೊದಲು ಹತ್ತು ರೂಪಾಯಿ ಕಳುಹಿಸುತ್ತಾನೆ. ಅದು ನಿಜವಾಗಿಯೂ ಬರುತ್ತದೆ. ಬಳಿಕ ಒಂದು ಕ್ಯೂಆರ್ ಕೋಡ್ ಕಳುಹಿಸಿ, "ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಉಳಿದ ಹಣ ನಿಮ್ಮ ಖಾತೆಗೆ ಬರುತ್ತದೆ" ಎನ್ನುತ್ತಾನೆ. ಆ ಮಹಿಳೆ ಹಾಗೆಯೇ ಮಾಡುತ್ತಾರೆ. ಖಾತೆಯಲ್ಲಿದ್ದ ಹಾಲಿನ ಬಟವಾಡೆಯ ಹಣ ಹೊರಟುಹೋಗುತ್ತದೆ. ಕೇಳಿದರೆ, "ತಪ್ಪಾಗಿದೆ, ಮರಳಿಸುತ್ತೇನೆ, ಇನ್ನೊಮ್ಮೆ ಸ್ಕ್ಯಾನ್ ಮಾಡಿ" ಎಂಬ ಉತ್ತರ ಬರುತ್ತದೆ. ಎರಡನೆಯ ಬಾರಿಯೂ ಹಣ ಹೋಗುತ್ತದೆ.

ಇಲ್ಲಿ ನಡೆದದ್ದೇನು ಎಂಬುದನ್ನು ಹಳ್ಳಿಯ ಜನರಿಗೆ ಚೆಕ್ಕಿನ ಹೋಲಿಕೆಯಿಂದ ವಿವರಿಸಬಹುದು. ಕ್ಯೂಆರ್ ಕೋಡ್ ಎಂದರೆ ಹಣ ಪಡೆಯುವವರ ವಿಳಾಸ. ಅದನ್ನು ಸ್ಕ್ಯಾನ್ ಮಾಡುವುದು ಚೆಕ್ಕಿನ ಮೇಲೆ ಪಡೆಯುವವರ ಹೆಸರು ಬರೆದಂತೆ. ಪಿನ್ ಒತ್ತುವುದು ಆ ಚೆಕ್ಕಿಗೆ ಸಹಿ ಹಾಕಿದಂತೆ. ತನಗೆ ಬರಬೇಕಾದ ಹಣಕ್ಕಾಗಿ ಯಾರೂ ತನ್ನ ಚೆಕ್ಕಿಗೆ ಸಹಿ ಹಾಕಿಕೊಡುವುದಿಲ್ಲ. ಯುಪಿಐ ವ್ಯವಸ್ಥೆಯಲ್ಲಿ ಪಿನ್ ಬೇಕಾಗುವುದು ಹಣ ಕೊಡಲು ಮತ್ತು ಖಾತೆಯ ಶಿಲ್ಕು ನೋಡಲು ಮಾತ್ರ. ಹಣ ಪಡೆಯಲು ಪಿನ್ ಬೇಕಿಲ್ಲ, ಸ್ಕ್ಯಾನ್ ಬೇಕಿಲ್ಲ, ಒಟಿಪಿ ಬೇಕಿಲ್ಲ. ಮೊಬೈಲ್ ಸಂಖ್ಯೆ ಅಥವಾ ಯುಪಿಐ ವಿಳಾಸ ತಿಳಿಸಿ ಸುಮ್ಮನೆ ಕುಳಿತರೆ ಸಾಕು. ಬರುವ ಹಣ ತಾನಾಗಿ ಬರುತ್ತದೆ.

ಹಣ ಕೋರುವ ವಿನಂತಿಯನ್ನು ಕಳುಹಿಸಿ, ಅದನ್ನು ಹಣ ಬಂದ ಸೂಚನೆಯೆಂದು ನಂಬಿಸುವ ಮೋಸವೂ ವ್ಯಾಪಕವಾಗಿತ್ತು. ಈ ಕಾರಣದಿಂದ ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೋರುವ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲು ಬ್ಯಾಂಕುಗಳಿಗೆ ಸೂಚಿಸಿತು. ಒಂದು ಬಾಗಿಲು ಮುಚ್ಚಿದೆ. ಆದರೆ ಕ್ಯೂಆರ್ ಕೋಡಿನ ಬಾಗಿಲು ತೆರೆದೇ ಇದೆ. ಪರದೆಯನ್ನು ದೂರದಿಂದ ನೋಡಬಲ್ಲ ಆ್ಯಪ್ ಒಂದನ್ನು ಹಾಕಿಕೊಳ್ಳುವಂತೆ ಹೇಳುವುದು, ಅಪರಿಚಿತ ಲಿಂಕ್ ಒತ್ತಿಸುವುದು, ಒಟಿಪಿ ಕೇಳುವುದು ಇವೂ ಬೇರೆ ಬೇರೆ ಬಾಗಿಲುಗಳು. ಕೊಳ್ಳುವವನು ಮಾರುವವನಿಂದ ಮೊಬೈಲಿನಲ್ಲಿ ಏನನ್ನಾದರೂ ಒತ್ತಿಸಲು ಮುಂದಾದರೆ ವ್ಯಾಪಾರವನ್ನು ಅಲ್ಲಿಗೇ ನಿಲ್ಲಿಸತಕ್ಕದ್ದು.

ಸೈನಿಕರ ಹೆಸರನ್ನು ವಂಚಕರು ಬಳಸುವುದು ಹಳ್ಳಿಗಳಲ್ಲಿ ಸೈನಿಕರ ಬಗ್ಗೆ ಇರುವ ಗೌರವವನ್ನು ಬಲ್ಲ ಕಾರಣದಿಂದ. ಆ ಗೌರವ ಹಾಗೆಯೇ ಇರಲಿ. ಆದರೆ ಮೊಬೈಲಿಗೆ ಬಂದ ಗುರುತಿನ ಚೀಟಿಯ ಚಿತ್ರ ಯಾರ ಗುರುತನ್ನೂ ದೃಢಪಡಿಸುವುದಿಲ್ಲ. ಹಸುವನ್ನು ಕಣ್ಣಿನಿಂದ ನೋಡದೆ, ಹಾಲು ಕರೆದು ನೋಡದೆ ಪೂರ್ತಿ ಹಣ ಕೊಡಲು ಸಿದ್ಧನಾದವನ ಬಗ್ಗೆ ಮೊದಲು ಮೂಡಬೇಕಾದದ್ದು ಅನುಮಾನ.

ಬಂದಂತೆ ಕಾಣುವ ಹಣ

ಎರಡನೆಯ ಬಗೆಯ ವಂಚನೆಯಲ್ಲಿ ಖಾತೆಯಿಂದ ಹಣ ಹೋಗುವುದಿಲ್ಲ, ವಸ್ತು ಹೋಗುತ್ತದೆ. ಕೊಳ್ಳುವವನು ಮನೆಗೇ ಬರುತ್ತಾನೆ, ಮೊಬೈಲನ್ನು ನೋಡಿಕೊಳ್ಳುತ್ತಾನೆ, ಬೆಲೆ ಒಪ್ಪುತ್ತಾನೆ. ಬಳಿಕ ತನ್ನ ಫೋನಿನಲ್ಲಿ ಹಸಿರು ಗುರುತಿನ "ಪಾವತಿ ಯಶಸ್ವಿ" ಎಂಬ ಪರದೆ ತೋರಿಸಿ ಹೊರಡುತ್ತಾನೆ. ಆ ಪರದೆಯನ್ನು ತೋರಿಸಲೆಂದೇ ಮಾಡಿದ ನಕಲಿ ಆ್ಯಪ್‌ಗಳಿವೆ. ಬ್ಯಾಂಕಿನ ಸಂದೇಶದಂತೆ ಕಾಣುವ ಎಸ್ಎಂಎಸ್ ಅನ್ನು ಸಾಮಾನ್ಯ ಹತ್ತು ಅಂಕಿಯ ಸಂಖ್ಯೆಯಿಂದ ಕಳುಹಿಸುವವರೂ ಇದ್ದಾರೆ. "20,000ದ ಬದಲು 40,000 ಹಾಕಿಬಿಟ್ಟೆ, ತಾಯಿ ಆಸ್ಪತ್ರೆಯಲ್ಲಿದ್ದಾರೆ, ಹೆಚ್ಚಿನದನ್ನು ಬೇಗ ಮರಳಿಸಿ" ಎಂದು ಅಳುವ ಧ್ವನಿಯಲ್ಲಿ ಕೇಳುವವರೂ ಇದ್ದಾರೆ. ಬಾರದ ಹಣದ ಹೆಚ್ಚಿನ ಭಾಗವನ್ನು ಮರಳಿಸಿದವರು ತಮ್ಮದೇ ಹಣವನ್ನು ಕೊಟ್ಟಿರುತ್ತಾರೆ.

ಇದಕ್ಕೆ ಇರುವ ಮದ್ದು ಒಂದೇ. ಕೊಳ್ಳುವವನ ಫೋನು ಸಾಕ್ಷಿಯಲ್ಲ. ಮಾರುವವನ ಖಾತೆಯೇ ಸಾಕ್ಷಿ. ತಮ್ಮ ಆ್ಯಪ್ ತೆರೆದು ಶಿಲ್ಕನ್ನೂ, ಹಣ ಜಮೆಯಾದ ನಮೂದನ್ನೂ ನೋಡಬೇಕು. ಸಾಮಾನ್ಯ ಕೀಪ್ಯಾಡ್ ಫೋನು ಇರುವವರು ಬ್ಯಾಂಕು ನೀಡಿರುವ ಮಿಸ್ಡ್ ಕಾಲ್ ಸೌಲಭ್ಯದಿಂದ ಶಿಲ್ಕು ತಿಳಿಯಬಹುದು, ಇಲ್ಲವೇ ಬ್ಯಾಂಕ್ ಮಿತ್ರರ ಬಳಿ ಪರಿಶೀಲಿಸಬಹುದು. "ಸರ್ವರ್ ನಿಧಾನವಿದೆ, ಸಂಜೆಯೊಳಗೆ ಬರುತ್ತದೆ" ಎಂದು ಕೊಳ್ಳುವವನು ಹೇಳಿದರೆ ವಸ್ತುವೂ ಸಂಜೆಯೇ ಹೋಗಲಿ.

ದೊಡ್ಡ ಮೊತ್ತದ ವ್ಯವಹಾರಕ್ಕೆ ಇನ್ನೂ ಕೆಲವು ಮಾತುಗಳಿವೆ. ಯುಪಿಐ ಮೂಲಕ ವ್ಯಕ್ತಿಯಿಂದ ವ್ಯಕ್ತಿಗೆ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷ ರೂಪಾಯಿವರೆಗೆ ಮಾತ್ರ ಕಳುಹಿಸಬಹುದು. ಟ್ರ್ಯಾಕ್ಟರಿನ ಬೆಲೆ ಅದಕ್ಕಿಂತ ಹೆಚ್ಚಿರುವುದರಿಂದ ನೆಫ್ಟ್ ಇಲ್ಲವೇ ಆರ್‌ಟಿಜಿಎಸ್ ಮೂಲಕ ಪಡೆಯುವುದು ಸೂಕ್ತ. ನೆಫ್ಟ್ 2019ರ ಡಿಸೆಂಬರ್‌ನಿಂದಲೂ ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದಲೂ ಹಗಲಿರುಳೂ ಲಭ್ಯವಿವೆ. ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅದಕ್ಕಿಂತ ಕಡಿಮೆ ನಗದನ್ನು ಬ್ಯಾಂಕಿನ ಶಾಖೆಯಲ್ಲೇ ಎಣಿಸಿ ಜಮೆ ಮಾಡಿಸಿದರೆ ಖೋಟಾ ನೋಟಿನ ಭಯವಿರುವುದಿಲ್ಲ. ಚೆಕ್ಕು ಕೈಗೆ ಬಂದರೆ ಹಣ ಬಂದಂತಲ್ಲ. ಅದು ನಗದಾದ ಮೇಲೆಯೇ ವಸ್ತು ಕೊಡಬೇಕು. ಡಿಮ್ಯಾಂಡ್ ಡ್ರಾಫ್ಟ್ ಕೂಡ ನಕಲಿಯಾಗಿರಬಹುದಾದ ಕಾರಣ ಅದನ್ನು ನೀಡಿದ ಶಾಖೆಯಿಂದ ಖಚಿತಪಡಿಸಿಕೊಳ್ಳಬೇಕು.

ನಡುವೆ ನಿಂತ ಮೂರನೆಯವನು

ಎಲ್ಲಕ್ಕಿಂತ ಜಾಣತನದ ವಂಚನೆ ಮೂರನೆಯದು. ಇದರಲ್ಲಿ ಮಾರುವವನೂ ನಿಜ, ಕೊಳ್ಳುವವನೂ ನಿಜ, ನಡುವಿನವನೇ ಸುಳ್ಳು. ರೈತನೊಬ್ಬ ಬೈಕನ್ನು 50,000 ರೂಪಾಯಿಗೆ ಮಾರಲು ಜಾಹೀರಾತು ಹಾಕುತ್ತಾನೆ. ವಂಚಕನು ಅದೇ ಚಿತ್ರಗಳನ್ನು ತೆಗೆದುಕೊಂಡು ತನ್ನದೆಂಬಂತೆ 35,000 ರೂಪಾಯಿಗೆ ಇನ್ನೊಂದು ಜಾಹೀರಾತು ಹಾಕುತ್ತಾನೆ. ಅದನ್ನು ನೋಡಿ ಬೇರೆ ಊರಿನ ಅಮಾಯಕ ಯುವಕನೊಬ್ಬ ಕರೆ ಮಾಡುತ್ತಾನೆ. ವಂಚಕನು ರೈತನಿಗೆ, "ನನ್ನ ತಮ್ಮ ಗಾಡಿ ನೋಡಲು ಬರುತ್ತಾನೆ, ಅವನ ಮುಂದೆ ಬೆಲೆಯ ಮಾತು ಬೇಡ" ಎನ್ನುತ್ತಾನೆ. ಆ ಯುವಕನಿಗೆ, "ಗಾಡಿ ನನ್ನ ಮಾವನ ಮನೆಯಲ್ಲಿದೆ, ಅವರ ಬಳಿ ಬೆಲೆ ಎತ್ತಬೇಡ, ಹಣ ನನಗೇ ಹಾಕು" ಎನ್ನುತ್ತಾನೆ. ಇಬ್ಬರೂ ಎದುರುಬದುರು ನಿಂತಿರುತ್ತಾರೆ. ಇಬ್ಬರೂ ಬೆಲೆಯ ಮಾತೆತ್ತುವುದಿಲ್ಲ. ಯುವಕನು 35,000 ರೂಪಾಯಿಯನ್ನು ವಂಚಕನ ಖಾತೆಗೆ ಹಾಕುತ್ತಾನೆ. ವಂಚಕನ ಫೋನು ಸ್ತಬ್ಧವಾಗುತ್ತದೆ. ಬಳಿಕ ರೈತನಿಗೂ ಆ ಯುವಕನಿಗೂ ಜಗಳ ಹತ್ತುತ್ತದೆ. ಅದು ಪಂಚಾಯಿತಿ ಕಟ್ಟೆಗೂ ಬರುತ್ತದೆ. ನ್ಯಾಯ ಹೇಳಬೇಕಾದ ಸದಸ್ಯರು ಇಬ್ಬರೂ ಮೋಸಹೋದವರು ಎಂಬುದನ್ನು ಮೊದಲು ಅರಿಯಬೇಕು.

"ಬೆಲೆಯ ಮಾತು ಬೇಡ" ಎಂಬ ಮಾತೇ ಈ ವಂಚನೆಯ ಗುರುತು. ವಸ್ತು ನೋಡಲು ಬಂದವನೊಂದಿಗೆ ಬೆಲೆಯನ್ನೂ, ಹಣ ಯಾರ ಖಾತೆಗೆ ಹೋಗಬೇಕೆಂಬುದನ್ನೂ ಬಾಯಿಬಿಟ್ಟು ಮಾತಾಡಿದರೆ ನಡುವಿನವನ ಆಟ ಆ ಕ್ಷಣಕ್ಕೇ ಮುಗಿಯುತ್ತದೆ. ಟವೆಲಿನ ಮರೆಯ ವ್ಯಾಪಾರದಲ್ಲಿಯೂ ಬೆರಳು ಹಿಡಿದ ಇಬ್ಬರಿಗೆ ಬೆಲೆ ಗೊತ್ತಿರುತ್ತಿತ್ತು.

ಇದೇ ಕಾರಣಕ್ಕೆ ಹಣ ಹಾಕಿದ ಖಾತೆಯ ಹೆಸರೂ ಎದುರಿಗಿರುವ ಕೊಳ್ಳುವವನ ಹೆಸರೂ ಒಂದೇ ಆಗಿರುವುದನ್ನು ನೋಡಬೇಕು. ಬೇರೆಲ್ಲೋ ಕದ್ದ ಹಣವನ್ನು ವಂಚಕನು ಮಾರುವವನ ಖಾತೆಗೆ ಹಾಕಿಸಿದರೆ, ಆ ಹಣ ಕಳೆದುಕೊಂಡವರ ದೂರಿನ ಮೇಲೆ ಮಾರುವವನ ಖಾತೆಯೇ ಸ್ಥಗಿತಗೊಳ್ಳಬಹುದು. ತಪ್ಪು ಮಾಡದ ರೈತ ತನ್ನ ಖಾತೆಯನ್ನು ಬಿಡಿಸಿಕೊಳ್ಳಲು ಅಲೆಯಬೇಕಾಗುತ್ತದೆ. ಆಗ ಅವನ ನೆರವಿಗೆ ಬರುವುದು ಮಾರಾಟದ ರಸೀದಿ ಮಾತ್ರ.

ಗಾಡಿ ಹೋಯಿತು, ಹೆಸರು ಉಳಿಯಿತು

ವಾಹನ ಮಾರಿದವರು ಹಣ ಪೂರ್ತಿ ಪಡೆದ ಮೇಲೂ ಅಪಾಯದಲ್ಲಿ ಉಳಿಯುವುದುಂಟು. ಬಿಳಿ ಹಾಳೆಯ ಮೇಲೆ ಸಹಿ ಮಾಡಿಸಿಕೊಂಡು, "ಹೆಸರು ನಾನೇ ಬದಲಾಯಿಸಿಕೊಳ್ಳುತ್ತೇನೆ" ಎಂದು ಕೊಂಡೊಯ್ದವನು ಬದಲಾಯಿಸದೇ ಇರಬಹುದು. ಮೋಟಾರು ವಾಹನಗಳ ಕಾಯ್ದೆ 1988ರ ಕಲಂ 50ರಂತೆ, ರಾಜ್ಯದೊಳಗೇ ನೋಂದಣಿಯಾದ ವಾಹನವನ್ನು ಮಾರಿದವರು 14 ದಿನಗಳೊಳಗೆ ಮಾರಾಟದ ವಿಷಯವನ್ನು ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಇದಕ್ಕೆ ನಮೂನೆ 29 ಇದೆ. ಕೊಂಡವರು 30 ದಿನಗಳೊಳಗೆ ವರದಿ ಮಾಡಬೇಕು. ವರ್ಗಾವಣೆಯ ಅರ್ಜಿಗೆ ನಮೂನೆ 30 ಇದೆ. ಸಾಲದಲ್ಲಿರುವ ವಾಹನವಾದರೆ ಸಾಲ ಕೊಟ್ಟ ಸಂಸ್ಥೆಯ ಒಪ್ಪಿಗೆಯೂ ಬೇಕು.

ಈ ಕೆಲಸ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿಯಲ್ಲಿ ನೀಡಿದ ತೀರ್ಪು ಸಾಕು. ಒಂದು ಕಾರು ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು. ನೋಂದಣಿ ಮಾತ್ರ ಮೊದಲನೆಯವರ ಹೆಸರಿನಲ್ಲಿಯೇ ಇತ್ತು. ಅಪಘಾತವಾದಾಗ ಪರಿಹಾರದ ಹೊಣೆ ನೋಂದಣಿಯಲ್ಲಿ ಹೆಸರಿದ್ದವರದೇ ಎಂದು ನ್ಯಾಯಾಲಯ ತೀರ್ಮಾನಿಸಿತು. ಹಾಗಾಗಿ ಖಾಲಿ ನಮೂನೆಗೆ ಸಹಿ ಹಾಕಬಾರದು. ಸಾರಿಗೆ ಕಚೇರಿಯ ದಾಖಲೆಯಲ್ಲಿ ಹೆಸರು ಬದಲಾದುದನ್ನು ಮಾರಿದವರೇ ಪರಿಶೀಲಿಸಬೇಕು.

ಓಡಿಸಿ ನೋಡುತ್ತೇನೆಂದು ಬೈಕು ಹತ್ತಿದವನು ಮರಳದಿರುವುದೂ ಉಂಟು. ಓಡಿಸುವ ಮುನ್ನ ಅವನ ಚಾಲನಾ ಪರವಾನಗಿಯನ್ನು ನೋಡಬೇಕು. ಹಿಂದೆ ಮನೆಯವರೊಬ್ಬರು ಕುಳಿತೇ ಹೋಗಬೇಕು. ಮೊಬೈಲ್ ಫೋನು ಮಾರುವವರು ಸಿಮ್ ತೆಗೆದು, ಪಾವತಿ ಆ್ಯಪ್‌ಗಳಿಂದಲೂ ಗೂಗಲ್ ಖಾತೆಯಿಂದಲೂ ಹೊರಬಂದು, ಫೋನನ್ನು ಪೂರ್ತಿ ಅಳಿಸಿಯೇ ಕೊಡಬೇಕು.

ಹಳೆಯ ನೋಟಿಗೆ ಲಕ್ಷದ ಆಸೆ

ಟ್ರ್ಯಾಕ್ಟರ್ ಚಿತ್ರವಿರುವ ಐದು ರೂಪಾಯಿ ನೋಟಿಗೆ, ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ ಎಂಬ ಜಾಹೀರಾತನ್ನು ಸದಸ್ಯರೂ ನೋಡಿರಬಹುದು. ನೋಟಿನ ಚಿತ್ರ ಕಳುಹಿಸಿದ ಕೂಡಲೇ ಖರೀದಿ ಖಚಿತವಾಗುತ್ತದೆ. ಬಳಿಕ ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಎಂದು ಮಾರುವವರಿಂದಲೇ ಹಣ ಕೇಳಲಾಗುತ್ತದೆ. ಭಾರತೀಯ ರಿಸರ್ವ್ ಬ್ಯಾಂಕಿನ ಹೆಸರಿನ ಪತ್ರವೂ ಬರುತ್ತದೆ. ಇಂತಹ ವ್ಯವಹಾರಗಳಲ್ಲಿ ತಾನು ತೊಡಗುವುದಿಲ್ಲ, ಯಾವುದೇ ಶುಲ್ಕ ಕೇಳುವುದಿಲ್ಲ, ಯಾರಿಗೂ ಇಂತಹ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟ್ 4ರಂದೇ ಸ್ಪಷ್ಟಪಡಿಸಿದೆ. ಮಾರುವವನಿಂದ ಹಣ ಕೇಳುವ ಕೊಳ್ಳುವವನು ಕೊಳ್ಳುವವನೇ ಅಲ್ಲ.

ಮೊದಲ ಗಂಟೆ

ಇಷ್ಟಾದರೂ ಮೋಸಹೋದವರು ಬಂದಾಗ ಮಾಡಬೇಕಾದ ಮೊದಲ ಕೆಲಸ 1930 ಸಂಖ್ಯೆಗೆ ಕರೆ ಮಾಡಿಸುವುದು. ಇದು ಸೈಬರ್ ಹಣಕಾಸು ವಂಚನೆಯ ರಾಷ್ಟ್ರೀಯ ಸಹಾಯವಾಣಿ. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲಿನಲ್ಲಿಯೂ ದೂರು ದಾಖಲಿಸಬಹುದು. ದೂರು ದಾಖಲಾದೊಡನೆ ಹಣ ಹೋದ ಖಾತೆಯ ಬ್ಯಾಂಕಿಗೆ ಸೂಚನೆ ತಲುಪುತ್ತದೆ. ಹಣ ಇನ್ನೂ ಅಲ್ಲಿದ್ದರೆ ತಡೆಹಿಡಿಯಲಾಗುತ್ತದೆ. ವಂಚಕನು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗಬೇಗ ಸಾಗಿಸಿ ಎಟಿಎಂನಿಂದ ತೆಗೆಯುತ್ತಾನೆ. ಆದ್ದರಿಂದ ಇಲ್ಲಿ ಬೆಳಗಾಗಲಿ ಎಂದು ಕಾಯುವಂತಿಲ್ಲ.

ಕರೆ ಮಾಡುವಾಗ ಖಾತೆ ಸಂಖ್ಯೆ, ಹೋದ ಮೊತ್ತ, ದಿನಾಂಕ ಮತ್ತು ಸಮಯ, ವ್ಯವಹಾರದ ಉಲ್ಲೇಖ ಸಂಖ್ಯೆ, ವಂಚಕನ ಫೋನು ಸಂಖ್ಯೆ ಹಾಗೂ ಯುಪಿಐ ವಿಳಾಸ ಕೈಯಲ್ಲಿರಬೇಕು. ಸಂದೇಶಗಳನ್ನು ಅಳಿಸಬಾರದು. ಜೊತೆಗೆ ತಮ್ಮ ಬ್ಯಾಂಕಿಗೂ ತಿಳಿಸಬೇಕು. ಖಾತೆದಾರರೇ ಪಿನ್ ಅಥವಾ ಒಟಿಪಿ ಹಂಚಿಕೊಂಡ ಪ್ರಕರಣಗಳಲ್ಲಿ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಖಾತೆದಾರರದು, ತಿಳಿಸಿದ ನಂತರದ ನಷ್ಟ ಬ್ಯಾಂಕಿನದು ಎಂಬುದು ರಿಸರ್ವ್ ಬ್ಯಾಂಕು 2017ರಲ್ಲಿ ಹಾಕಿಕೊಟ್ಟ ನಿಯಮ.

ಬಳಿಕ ಸ್ಥಳೀಯ ಠಾಣೆ ಅಥವಾ ಜಿಲ್ಲೆಯ ಸೆನ್ ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಡಿಸಬೇಕು. ಭಾರತೀಯ ನ್ಯಾಯ ಸಂಹಿತೆಯ ಕಲಂ 318 ವಂಚನೆಗೂ, ಕಲಂ 319 ಬೇರೊಬ್ಬರ ಸೋಗು ಹಾಕಿ ಮಾಡುವ ವಂಚನೆಗೂ ಅನ್ವಯಿಸುತ್ತವೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಕಲಂ 66ಡಿ ಅಡಿಯಲ್ಲಿ ಮೂರು ವರ್ಷಗಳವರೆಗೆ ಕಾರಾಗೃಹ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ.

ಆದರೆ ಮೊದಲ ಗಂಟೆಯನ್ನು ನುಂಗುವುದು ಕಾನೂನಿನ ಅಜ್ಞಾನಕ್ಕಿಂತ ಹೆಚ್ಚಾಗಿ ನಾಚಿಕೆ. ಗಂಡನಿಗೆ ತಿಳಿದರೆ ಬೈಯುತ್ತಾರೆ, ಊರವರು ನಗುತ್ತಾರೆ ಎಂಬ ಅಂಜಿಕೆಯಿಂದ ಹೆಣ್ಣುಮಕ್ಕಳು ದಿನಗಟ್ಟಲೆ ಸುಮ್ಮನಿರುವುದುಂಟು. ಓದಿದವರೂ ನೌಕರಿಯಲ್ಲಿರುವವರೂ ಇದೇ ಬಲೆಗೆ ಬಿದ್ದಿದ್ದಾರೆ. ಬಂದವರನ್ನು "ಅಷ್ಟೂ ತಿಳಿಯಲಿಲ್ಲವೇ" ಎಂದು ಕೇಳುವ ಸದಸ್ಯರ ಬಳಿಗೆ ಮುಂದಿನವರು ಬರುವುದಿಲ್ಲ.

ಪಂಚಾಯಿತಿ ಮಾಡಬಹುದಾದದ್ದು

ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳಲ್ಲಿ ಈ ವಿಷಯಕ್ಕೆ ಹತ್ತು ನಿಮಿಷ ಮೀಸಲಿಡಬಹುದು. ಸಂಜೀವಿನಿ ಸ್ವಸಹಾಯ ಗುಂಪುಗಳ ಸಭೆಯಲ್ಲಿ, ಹಾಲು ಉತ್ಪಾದಕರ ಸಂಘದ ಆವರಣದಲ್ಲಿ, ಅರಿವು ಕೇಂದ್ರಗಳಲ್ಲಿ 1930 ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆಸಬಹುದು. ಕಸ ಸಂಗ್ರಹದ ವಾಹನದ ಧ್ವನಿವರ್ಧಕದಲ್ಲಿ ಒಂದು ವಾಕ್ಯ ಸೇರಿಸಿದರೂ ಅದು ಮನೆಮನೆಗೆ ತಲುಪುತ್ತದೆ.

ಬೆಲೆಬಾಳುವ ವಸ್ತುವಿನ ಹಸ್ತಾಂತರವನ್ನು ಹಗಲಿನಲ್ಲಿ, ಪಂಚಾಯಿತಿ ಕಚೇರಿಯ ಮುಂದೆಯೋ ಬ್ಯಾಂಕಿನಲ್ಲಿಯೋ ಮಾಡಿಕೊಳ್ಳಲು ಜನರಿಗೆ ಹೇಳಬಹುದು. ಮಾರಾಟದ ರಸೀದಿಯಲ್ಲಿ ಇಬ್ಬರ ಹೆಸರು, ವಿಳಾಸ, ಮೊತ್ತ, ಪಾವತಿಯ ಉಲ್ಲೇಖ ಸಂಖ್ಯೆ, ದಿನಾಂಕ ಮತ್ತು ಸಮಯವಿರಬೇಕು. ವಾಹನವಾದರೆ ಎಂಜಿನ್ ಮತ್ತು ಚಾಸಿಸ್ ಸಂಖ್ಯೆ, ಮೊಬೈಲಾದರೆ ಐಎಂಇಐ ಸಂಖ್ಯೆ, ಹಸುವಾದರೆ ಕಿವಿಯೋಲೆಯ 12 ಅಂಕಿಯ ಸಂಖ್ಯೆಯನ್ನು ಬರೆಯಬೇಕು. ಸದಸ್ಯರು ಇದಕ್ಕೆ ಸಾಕ್ಷಿ ಹಾಕಬಹುದು. ಆದರೆ ಸಾಕ್ಷಿಯಾಗುವುದು ಬೇರೆ, ಜಾಮೀನಾಗುವುದು ಬೇರೆ. ಯಾರ ಹಣವನ್ನೂ ತಮ್ಮ ಖಾತೆಗೆ ಹಾಕಿಸಿಕೊಳ್ಳಬಾರದು.

ಸಭೆಗಳಲ್ಲಿ ಓದಿ ಹೇಳಲು ಈ ಆರು ಮಾತುಗಳು ಸಾಕು:

1. ಹಣ ಪಡೆಯಲು ಪಿನ್, ಸ್ಕ್ಯಾನ್, ಒಟಿಪಿ ಯಾವುದೂ ಬೇಕಿಲ್ಲ.

2. ಕೊಳ್ಳುವವನ ಫೋನನ್ನು ನಂಬಬೇಡಿ. ನಿಮ್ಮ ಖಾತೆಯನ್ನು ನೋಡಿ.

3. ವಸ್ತು ನೋಡದೆ, ಚೌಕಾಸಿ ಮಾಡದೆ ಅವಸರಿಸುವವನನ್ನು ದೂರವಿಡಿ.

4. ಎದುರಿಗೆ ನಿಂತವನೊಂದಿಗೆ ಬೆಲೆಯನ್ನೂ ಖಾತೆಯ ಹೆಸರನ್ನೂ ಬಾಯಿಬಿಟ್ಟು ಮಾತಾಡಿ.

5. ವಾಹನ ಕೊಟ್ಟ ಮೇಲೆ ದಾಖಲೆಯಲ್ಲಿ ಹೆಸರು ಬದಲಾಯಿತೇ ನೋಡಿ.

6. ಮೋಸವಾದರೆ ನಾಚಬೇಡಿ, ಕೂಡಲೇ 1930ಕ್ಕೆ ಕರೆ ಮಾಡಿ.

ಸಂತೆ ಮೊಬೈಲಿಗೆ ಬಂದಿದೆ. ಅದನ್ನು ಬೇಡವೆನ್ನುವ ಅಗತ್ಯವಿಲ್ಲ. ಹಣ ಎಣಿಸಿದ ಮೇಲೆ ಹಗ್ಗ ಕೊಡುವ ಹಿರಿಯರ ಕ್ರಮವನ್ನು ಈ ಸಂತೆಗೂ ತಂದರೆ ಸಾಕು. ಪ್ರತಿ ವಾರ್ಡಿನ ಸದಸ್ಯರು ಮುಂದಿನ ವಾರ್ಡ್ ಸಭೆಯಲ್ಲಿಯೇ ಈ ಮಾತನ್ನು ತಮ್ಮ ಜನರಿಗೆ ಮುಟ್ಟಿಸುವರೆಂಬ ನಂಬಿಕೆಯೊಂದಿಗೆ ಈ ಉಪನ್ಯಾಸವನ್ನು ಮುಕ್ತಾಯಗೊಳಿಸಲಾಗಿದೆ.